ಒಂದೇ ಹೆಸರಿನ ಇಬ್ಬರು ಮಕ್ಕಳು

ಕಳೆದ ವಾರ ಪರಿಚಯದವರೊಬ್ಬರು ವಾಟ್ಸಾಪ್‌ನಲ್ಲಿ ತಮ್ಮ ವಂಶವೃಕ್ಷ ಕಳಿಸಿದ್ದರು. 19 ತಲೆಮಾರು! ಬಣ್ಣಬಣ್ಣದ ಚೌಕಗಳು, ಗೆರೆಗಳು, ನೋಡೋಕೆ ಬಲು ಚೆಂದ. ಸುಮ್ನೆ ಬೆರಳಲ್ಲಿ ಸರಿಸುತ್ತಾ ಮೇಲಕ್ಕೆ ಹೋದೆ. ಎಂಟನೇ ತಲೆಮಾರಿನಲ್ಲಿ ಒಬ್ಬ ಮಗ ತನ್ನ ತಾಯಿಗಿಂತ ನಾಲ್ಕು ವರ್ಷ ಮೊದಲೇ ಹುಟ್ಟಿದ್ದ. ಕೇಳಿದ್ದಕ್ಕೆ, "ವೆಬ್‌ಸೈಟ್‌ನಲ್ಲಿ ಹಾಗೇ ಇತ್ತು ಕಣ್ರೀ, ಯಾರೋ ಹಾಕಿದ್ರು, ನಾನೂ ತಗೊಂಡೆ" ಅಂದರು.

ನಗು ಬಂತು. ಆದರೆ ಜೋರಾಗಿ ನಗುವ ಯೋಗ್ಯತೆ ನನಗಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಈ ಹುಚ್ಚು ಎಲ್ಲೆಲ್ಲೂ ಇದೆ. ಹಳೇ ದಾಖಲೆಗಳು ಸ್ಕ್ಯಾನ್ ಆಗಿ ಮನೆಯಲ್ಲೇ ಕೂತು ನೋಡುವ ಹಾಗಾಗಿದೆ. ಒಳ್ಳೆಯದೇ. ನನ್ನ ತಕರಾರು ಒಂದೇ. ದಾಖಲೆ ಸಿಕ್ಕ ಕೂಡಲೇ ನಾವು ಅದನ್ನು ದೇವರ ವಾಕ್ಯ ಅಂದುಕೊಳ್ಳುತ್ತೇವೆ. ಅದನ್ನು ಬರೆದವನ ಮುಂದೆ ನೂರು ವರ್ಷ ಆಮೇಲೆ ಬರುವ ಮರಿಮೊಮ್ಮಗ ಇರಲಿಲ್ಲ. ತೆರಿಗೆ ಇತ್ತು, ಸೈನ್ಯಕ್ಕೆ ಆಳು ಬೇಕಿತ್ತು, ಹಡಗಿನ ಲೆಕ್ಕ ಇತ್ತು. ಅವನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಬರೆದ. ಮುಂದಿನವರನ್ನು ಕರೆದ.

ವಯಸ್ಸನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಕೆಳಗಿನ ಐದಕ್ಕೆ ಇಳಿಸಿ ಬರೆಯಿರಿ ಅಂತ ಸೂಚನೆ ಇತ್ತು. 39 ವರ್ಷದವನು ಪುಸ್ತಕದಲ್ಲಿ 35. ಕೆಲವು ಗಣತಿದಾರರು ಸೂಚನೆ ಪಾಲಿಸಿದರು, ಕೆಲವರು ಇದ್ದದ್ದನ್ನೇ ಬರೆದರು. ಅದು ಗೊತ್ತಿಲ್ಲದೆ 41ರಿಂದ 35 ಕಳೆದು ಹುಟ್ಟಿದ ವರ್ಷ ಹುಡುಕಲು ಹೊರಟರೆ ಮುಗೀತು, ಇಲ್ಲದ ಮನುಷ್ಯನನ್ನು ಹುಡುಕುತ್ತಾ ಕೂರಬೇಕು.

ಇದಕ್ಕಿಂತ ಮಜಾ ಇರೋದು ಐರ್ಲೆಂಡಿನ ಕತೆ. 1901 ಮತ್ತು 1911ರ ಅಲ್ಲಿನ ಜನಗಣತಿ ಎರಡೂ ಉಳಿದಿವೆ, ಎರಡೂ ಉಚಿತವಾಗಿ ನೋಡಲು ಸಿಗುತ್ತವೆ. ಪಕ್ಕಪಕ್ಕ ಇಟ್ಟು ನೋಡಿ. ನಡುವೆ ಇರೋದು 10 ವರ್ಷ. ಆದರೆ ಆ ಹತ್ತು ವರ್ಷದಲ್ಲಿ ಹದಿನಾಲ್ಕು ಹದಿನೈದು ವರ್ಷ ದೊಡ್ಡವರಾದ ಮುದುಕರು ಬೇಕಾದಷ್ಟು ಸಿಗುತ್ತಾರೆ. ಎಲ್ಲರೂ ಒಟ್ಟಿಗೇ ಲೆಕ್ಕ ಮರೆತರಾ? ಇಲ್ಲ. 1909ರ ಜನವರಿಯಿಂದ ವೃದ್ಧಾಪ್ಯ ಪಿಂಚಣಿ ಶುರುವಾಗಿತ್ತು. 70 ತುಂಬಿದವರಿಗೆ ವಾರಕ್ಕೆ 5 ಶಿಲ್ಲಿಂಗ್ ತನಕ. ಅಲ್ಲಿ ಎಲ್ಲರ ಜನನವನ್ನು ಸರ್ಕಾರ ನೋಂದಾಯಿಸಲು ಶುರು ಮಾಡಿದ್ದೇ 1864ರಲ್ಲಿ. ಅಂದಮೇಲೆ 70 ಅನ್ನುವ ಯಾರ ಹತ್ತಿರವೂ ಜನನ ಪತ್ರ ಇರಲು ಸಾಧ್ಯವಿಲ್ಲ. ಬಡವರ ಪಾಲಿಗೆ ನಾಲ್ಕೈದು ವರ್ಷ ಸುಮ್ನೆ ಸೇರಿಸಿಕೊಳ್ಳುವುದು ಏನು ಮಹಾ! ನಾನಾಗಿದ್ದರೂ ಸೇರಿಸುತ್ತಿದ್ದೆ. ಹಾಗಂತ ಎಲ್ಲವೂ ಸುಳ್ಳಲ್ಲ. ಎಷ್ಟೋ ಜನಕ್ಕೆ ತಮ್ಮ ವಯಸ್ಸು ಸರಿಯಾಗಿ ಗೊತ್ತೇ ಇರಲಿಲ್ಲ, ಪಿಂಚಣಿ ಬಂದಮೇಲೆ ಮೊದಲ ಸಲ ಕೂತು ಲೆಕ್ಕ ಹಾಕಿದರು. ಯಾರು ಸುಳ್ಳು ಹೇಳಿದರು, ಯಾರು ಆಗ ನಿಜ ಹೇಳಿದರು, ಪುಟ ನೋಡಿದರೆ ತಿಳಿಯುವುದಿಲ್ಲ.

ಅದಕ್ಕೇ ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಅಮೆರಿಕದ 1940ರ ಜನಗಣತಿಯದ್ದು. ಮನೆಯಲ್ಲಿ ಯಾರು ಉತ್ತರ ಕೊಟ್ಟರೋ ಅವರ ಹೆಸರಿನ ಮುಂದೆ ವೃತ್ತದೊಳಗೆ ಒಂದು ಗುಣಿಸು ಚಿಹ್ನೆ ಹಾಕಿ ಅಂತ ಗಣತಿದಾರರಿಗೆ ಹೇಳಿದ್ದರು. ಎಷ್ಟು ಸಣ್ಣ ಗುರುತು, ಎಷ್ಟು ಕೆಲಸ ಮಾಡುತ್ತದೆ ನೋಡಿ. ಹೆಂಡತಿ ಹೇಳಿದ್ದಾ, ಅಳಿಯ ಹೇಳಿದ್ದಾ ಅಂತ ಗೊತ್ತಾದರೆ ಉಳಿದ ಸಾಲುಗಳನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ. ಎಲ್ಲ ದಾಖಲೆಯಲ್ಲೂ ಈ ಗುರುತು ಇದ್ದಿದ್ದರೆ ನನ್ನ ಅರ್ಧ ತಲೆನೋವು ಕಡಿಮೆ ಆಗುತ್ತಿತ್ತು. ಮರಣದ ದಾಖಲೆಯನ್ನೇ ನೋಡಿ. ಸತ್ತವರ ಅಪ್ಪ ಅಮ್ಮನ ಹೆಸರು, ಹುಟ್ಟಿದ ಜಾಗ, ವಯಸ್ಸು, ಯಾವುದನ್ನೂ ಸತ್ತವರು ಹೇಳಿದ್ದಲ್ಲ. ಸೊಸೆಯೋ ಪಕ್ಕದ ಮನೆಯವರೋ ದುಃಖದಲ್ಲಿ, ಗಡಿಬಿಡಿಯಲ್ಲಿ ಹೇಳಿದ್ದು. ತಪ್ಪಾದರೆ "ಅಲ್ಲ, ಹಾಗಲ್ಲ" ಅನ್ನಲು ಸಂಬಂಧಪಟ್ಟವರು ಇರುವುದಿಲ್ಲ.

ಈಗ ನನ್ನ ಕತೆ.

ನಮ್ಮ ಅಜ್ಜನ ಜನನ ನೋಂದಣಿ ಹುಡುಕಿದಾಗ ಒಂದಲ್ಲ, ಎರಡು ಸಿಕ್ಕವು. ಅದೇ ಅಪ್ಪ, ಅದೇ ಅಮ್ಮ, ಮಗುವಿನ ಹೆಸರೂ ಅದೇ. ನಡುವೆ ಎರಡು ವರ್ಷ ಎಂಟು ತಿಂಗಳ ಅಂತರ. ನಾನು ಏನು ಮಾಡಿದೆ ಹೇಳಿ? ಗುಮಾಸ್ತನನ್ನು ಬೈದೆ. ಎರಡು ಸಲ ಬರೆದಿದ್ದಾನೆ, ಮೈಮರೆತಿದ್ದಾನೆ ಅಂದೆ. ಮೊದಲನೆಯದೇ ಸರಿ ಅಂತ ಇಟ್ಟುಕೊಂಡು ಎರಡನೆಯದನ್ನು ಹೊಡೆದು ಹಾಕಿದೆ. ಮನೆಯವರಿಗೆಲ್ಲ ಹೇಳಿಕೊಂಡು ಬಂದೆ, "ಅಜ್ಜ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡವರು" ಅಂತ. ಚಿಕ್ಕಪ್ಪ ಮಾತ್ರ ಒಪ್ಪಲಿಲ್ಲ. "ನಮ್ಮಪ್ಪನ ವಯಸ್ಸು ನಂಗೊತ್ತಿಲ್ವೇನೋ?" ಅಂದರು. ದಾಖಲೆ ತೋರಿಸಿ ಅವರ ಬಾಯಿ ಮುಚ್ಚಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಒಂದು ವರ್ಷ ಆದಮೇಲೆ ಬೇರೆ ಯಾರನ್ನೋ ಹುಡುಕುತ್ತಾ ಮರಣದ ಪುಸ್ತಕ ತಿರುವುತ್ತಿದ್ದೆ. ಪುಟದ ನಡುವೆ ಅಜ್ಜನ ಹೆಸರು. ಕೆಳಗೆ ಅಪ್ಪನ ಹೆಸರು, ಅದೂ ಸರಿ. ವಯಸ್ಸಿನ ಕಾಲಂನಲ್ಲಿ "11 ತಿಂಗಳು".

ಸ್ವಲ್ಪ ಹೊತ್ತು ಏನೂ ಹೊಳೆಯಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಮನುಷ್ಯ 11 ತಿಂಗಳಿಗೆ ಸತ್ತದ್ದು ಹೇಗೆ? ಆಮೇಲೆ ತಿಳಿಯಿತು. ಗುಮಾಸ್ತ ಮೈಮರೆತಿರಲಿಲ್ಲ. ಮಕ್ಕಳೇ ಇಬ್ಬರು. ಮೊದಲನೆಯದು ಹೋಯಿತು, ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಟ್ಟರು. ಪ್ರಪಂಚದ ಎಷ್ಟೋ ಕಡೆ ಹೀಗೆ ಮಾಡುತ್ತಿದ್ದರು, ವಂಶಾವಳಿ ಹುಡುಕುವವರಿಗೆ ಇದು ತೀರಾ ಮೊದಲ ಪಾಠ. ನಾನು ಓದಿದ್ದೆ ಕೂಡ. ನಮ್ಮ ಮನೆಗೆ ಅನ್ವಯಿಸುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ.

ಇದರ ತಿರುಗುಮುರುಗು ಉದಾಹರಣೆಯೂ ಇದೆ. ಬ್ರಿಟನ್ನಿನಲ್ಲಿ ಮಹಿಳೆಯರಿಗೆ ಮತದ ಹಕ್ಕು ಬೇಕು ಅಂತ ಹೋರಾಡಿದ ಎಮಿಲಿ ವೈಲ್ಡಿಂಗ್ ಡೇವಿಸನ್ 1911ರ ಗಣತಿಯ ರಾತ್ರಿ ಪಾರ್ಲಿಮೆಂಟ್ ಕಟ್ಟಡದ ಒಂದು ಕಪಾಟಿನಲ್ಲಿ ಅಡಗಿ ಕೂತಿದ್ದರು. ಗಣತಿಯಲ್ಲಿ ಅವರ ಹೆಸರು ಅಲ್ಲೂ ಇದೆ, ಅವರು ಬಾಡಿಗೆಗಿದ್ದ ಮನೆಯ ಲೆಕ್ಕದಲ್ಲೂ ಇದೆ. ಒಬ್ಬರೇ ಮನುಷ್ಯರು, ಎರಡು ಸಾಲು. ನಮ್ಮಲ್ಲಿ ಇಬ್ಬರಿದ್ದರು, ನಾನು ಒಬ್ಬರನ್ನಾಗಿ ಮಾಡಿದ್ದೆ.

ಅದೇ 1911ರ ಗಣತಿಯಲ್ಲಿ ಮದುವೆಯಾದ ಹೆಂಗಸರಿಗೆ ಇನ್ನೊಂದು ಪ್ರಶ್ನೆ ಇತ್ತು. ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ, ಎಷ್ಟು ತೀರಿಕೊಂಡರು. ಅಮೆರಿಕದಲ್ಲೂ 1900 ಮತ್ತು 1910ರಲ್ಲಿ ಎಷ್ಟು ಮಕ್ಕಳ ತಾಯಿ, ಎಷ್ಟು ಬದುಕಿವೆ ಅಂತ ಕೇಳಿದ್ದರು. ಹುಟ್ಟಿದ್ದು ಒಂಬತ್ತು, ಇರೋದು ಆರು. ಆ ಮೂರಕ್ಕೆ ಎಷ್ಟೋ ಕಡೆ ಹೆಸರೇ ಸಿಗುವುದಿಲ್ಲ. ಎರಡು ಗಣತಿಯ ನಡುವೆ ಹುಟ್ಟಿ, ನಡುವೆಯೇ ಹೋದವು. ಮೊದಲೆಲ್ಲ ಇಂಥ ಕಾಲಂ ಬಂದರೆ ದಾಟಿಸಿ ಮುಂದೆ ಹೋಗುತ್ತಿದ್ದೆ. ಈಗ ಮೊದಲು ಕಣ್ಣು ಹೋಗುವುದೇ ಅಲ್ಲಿಗೆ.

ನಮ್ಮ ಮನೆಯಲ್ಲಿ ಆ ಮಗುವಿನ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ. ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ, ತನ್ನ ಹೆಸರು ಇನ್ನೊಬ್ಬರಿಂದ ಬಂದದ್ದು ಅಂತ? ಕೇಳೋಣ ಅಂದರೆ ಈಗ ಅವರಿಲ್ಲ.

ಮನೆಮಾತಿನ ಕತೆಗಳಿಗೂ ದಾಖಲೆಗಳಿಗೂ ಜಗಳ ಬಂದರೆ ಯಾವುದನ್ನು ನಂಬಬೇಕು ಅಂತ ಕೇಳುತ್ತಾರೆ. ಎರಡನ್ನೂ ಅನುಮಾನದಿಂದಲೇ ನೋಡಿ ಅನ್ನುತ್ತೇನೆ. ಅಮೆರಿಕಕ್ಕೆ ವಲಸೆ ಹೋದ ಎಷ್ಟೋ ಮನೆಗಳಲ್ಲಿ "ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿ ನಮ್ಮ ಹೆಸರು ಬದಲಾಯಿಸಿಬಿಟ್ಟ" ಅನ್ನುವ ಕತೆ ಇದೆ. ಎಲ್ಲಿಸ್ ದ್ವೀಪ ಅಂದರೆ ಹಡಗಿನಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ಜಾಗ. ಅಲ್ಲಿನ ಅಧಿಕಾರಿಗಳ ಕೈಲಿದ್ದದ್ದು ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ. ಅದನ್ನು ನೋಡಿ ಪ್ರಶ್ನೆ ಕೇಳುತ್ತಿದ್ದರೇ ಹೊರತು ಹೊಸ ಹೆಸರು ಇಡುವುದು ಅವರ ಕೆಲಸವೇ ಆಗಿರಲಿಲ್ಲ. ಹೆಚ್ಚಿನವರು ಆಮೇಲೆ ತಾವಾಗೇ ಬದಲಾಯಿಸಿಕೊಂಡರು. ಇಲ್ಲಿ ಮನೆಮಾತು ಸೋತಿತು. ನನ್ನ ವಿಷಯದಲ್ಲಿ ಗೆದ್ದದ್ದು ಚಿಕ್ಕಪ್ಪ.

ತಾರೀಕು ಕೂಡ ಕಣ್ಣಿಗೆ ಕಂಡ ಹಾಗೆ ಇರುವುದಿಲ್ಲ. ಇಂಗ್ಲೆಂಡಿನಲ್ಲಿ 1752ರ ತನಕ ಕಾಗದಪತ್ರದ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಚರ್ಚಿನ ಪುಸ್ತಕದಲ್ಲಿ ಮದುವೆ 1720ರ ಮೇ, ಮಗುವಿನ ದೀಕ್ಷಾಸ್ನಾನ 1720ರ ಫೆಬ್ರವರಿ ಅಂತ ಕಂಡರೆ ಗಾಬರಿ ಬೀಳಬೇಡಿ. ಫೆಬ್ರವರಿ ಬಂದದ್ದು ಮೇ ಆದಮೇಲೆಯೇ. ಪಾಪ, ಎಷ್ಟು ದಂಪತಿಗಳ ಮೇಲೆ ಮೊಮ್ಮಕ್ಕಳ ಮೊಮ್ಮಕ್ಕಳು ಸುಮ್ಮನೆ ಅಪವಾದ ಹೊರಿಸಿದ್ದಾರೋ.

ಇನ್ನು ದಾಖಲೆಯೇ ಇಲ್ಲದಿದ್ದರೆ? ಅಮೆರಿಕದ 1890ರ ಜನಗಣತಿ 1921ರ ಜನವರಿಯ ಬೆಂಕಿಗೆ ಸಿಕ್ಕಿತು. ಸುಟ್ಟದ್ದು ಸ್ವಲ್ಪ, ಹೊಗೆ ಮತ್ತು ನೀರಿಗೆ ಹಾಳಾದದ್ದು ಜಾಸ್ತಿ. ಉಳಿದದ್ದನ್ನು ಆಮೇಲೆ ಸರ್ಕಾರವೇ ನಾಶ ಮಾಡಿತು. ಐರ್ಲೆಂಡಿನ ದಾಖಲೆ ಕಚೇರಿ 1922ರ ಅಂತರ್ಯುದ್ಧದಲ್ಲಿ ಹೊತ್ತಿ ಉರಿಯಿತು. ಆದರೆ ಅಲ್ಲಿನ 1861ರಿಂದ 1891ರ ತನಕದ ನಾಲ್ಕು ಗಣತಿಗಳನ್ನು ಬೆಂಕಿ ಮುಟ್ಟಲೇ ಇಲ್ಲ. ಅವನ್ನು ಅದಕ್ಕೂ ಮೊದಲೇ ಸರ್ಕಾರದ ಆದೇಶದ ಮೇಲೆ ನಾಶ ಮಾಡಿಯಾಗಿತ್ತು. ಬೆಂಕಿಗಾದರೂ ಕ್ಷಮೆ ಇದೆ.

ಇವೆಲ್ಲ ಇದ್ದು ಹಾಳಾದವು. ಬರೆಯುವಾಗಲೇ ಬಿಟ್ಟದ್ದು ಇದಕ್ಕಿಂತ ಕೆಟ್ಟದ್ದು. ಅಮೆರಿಕದ 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಮೇಲೆ ಮಾಲೀಕನ ಹೆಸರು, ಕೆಳಗೆ ವಯಸ್ಸು, ಲಿಂಗ, ಬಣ್ಣ. ಕೆಲವೇ ಕಡೆ ಬಿಟ್ಟರೆ ಹೆಸರಿಲ್ಲ. ಅವರಲ್ಲಿ ಹೆಚ್ಚಿನವರು ಗಣತಿಯಲ್ಲಿ ಮೊದಲ ಸಲ ಹೆಸರಿನಿಂದ ಕಾಣಿಸುವುದು 1870ರಲ್ಲಿ. ಆ ವಂಶದವರು ಇವತ್ತು ಹಿಂದಕ್ಕೆ ಹುಡುಕುತ್ತಾ ಹೋದರೆ 1870ರಲ್ಲಿ ಗೋಡೆಗೆ ಹಣೆ ತಗಲುತ್ತದೆ. ಆಚೆ ಹೋಗಬೇಕಾದರೆ ಮಾಲೀಕನ ಉಯಿಲು, ಆಸ್ತಿಪಟ್ಟಿ ಹುಡುಕಬೇಕು. ತನ್ನ ಮುತ್ತಜ್ಜಿಯನ್ನು ಕುದುರೆ, ಕುರ್ಚಿಗಳ ನಡುವೆ ಹುಡುಕುವುದು ಅಂದರೆ ಹೇಗಿರಬಹುದು?

19 ತಲೆಮಾರಿನ ಚಿತ್ರ ನೋಡಿದಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಲು ನಮಗೆ ಆಗುವುದಿಲ್ಲ. ಯಾರದೋ ಮರದಿಂದ ಒಂದು ಕೊಂಬೆ ಕಿತ್ತು ತಂದು ಸಿಕ್ಕಿಸುತ್ತೇವೆ. ಎರಡು ತಲೆಮಾರು ಗಟ್ಟಿಯಾಗಿ ಗೊತ್ತಿದ್ದರೆ ಎರಡೇ ಬರೆಯಿರಿ, ಏನು ಗಂಟು ಹೋಗುತ್ತದೆ?

ನನ್ನನ್ನೂ ಆ ಆಸೆ ಬಿಟ್ಟಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಮುತ್ತಜ್ಜನಿಗೆ ಓದು ಬರಹ ಬರುತ್ತಿತ್ತು. ಇಬ್ಬರು ಮಕ್ಕಳ ಜನನ ನೋಂದಣಿಯಲ್ಲೂ ಅವರ ಸಹಿ ಇದೆ. ಬಲಕ್ಕೆ ವಾಲಿದ ಅಕ್ಷರ, ಕೊನೆಯಲ್ಲಿ ಕೆಳಕ್ಕೆ ಎಳೆದ ಒಂದು ಉದ್ದ ಬಾಲ. ನಡುವಿನ ಆ ಮರಣದ ಪುಟದಲ್ಲಿ, ಮಾಹಿತಿ ಕೊಟ್ಟವರ ಜಾಗದಲ್ಲಿ, ಅವರದೇ ಹೆಸರು ಗುಮಾಸ್ತನ ಕೈಬರಹದಲ್ಲಿದೆ. ಪಕ್ಕದಲ್ಲಿ ಹೆಬ್ಬೆಟ್ಟು. ಒಂದು ಕಡೆ ಶಾಯಿ ಜಾಸ್ತಿಯಾಗಿ ಹರಡಿದೆ.

ಕೈ ನಡುಗಿ ಸಹಿ ಮಾಡಲು ಆಗಲಿಲ್ಲ ಅಂತ ಬರೆದರೆ ನೀವೂ ನಂಬುತ್ತೀರಿ, ನಾನೂ ನಂಬುತ್ತೇನೆ. ಗುಮಾಸ್ತ ಆತುರದಲ್ಲಿ ಎಲ್ಲರ ಕೈಲೂ ಹೆಬ್ಬೆಟ್ಟೇ ಒತ್ತಿಸುತ್ತಿದ್ದಿರಬಹುದು. ಬೇರೆ ಯಾರೋ ಹೋಗಿ ಅವರ ಹೆಸರು ಹೇಳಿದ್ದಿರಬಹುದು. ಆ ಪುಟದ ಉಳಿದ ಸಾಲುಗಳನ್ನೂ ನೋಡಿದೆ. ಮೂರು ಸಹಿ, ನಾಲ್ಕು ಹೆಬ್ಬೆಟ್ಟು. ಅದರಿಂದಲೂ ಏನೂ ತಿಳಿಯಲಿಲ್ಲ.

ಚಿಕ್ಕಪ್ಪನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಎರಡನೇ ಎಂಟ್ರಿಯೇ ಅಜ್ಜನದ್ದು, ನೀವು ಹೇಳಿದ ವಯಸ್ಸೇ ಸರಿ ಅಂದೆ. "ಮತ್ತೆ ಮೊದಲನೇದು?" ಅಂದರು. ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದನ್ನೂ ಬರ್ಕೋ, ಅಪ್ಪನಿಗಿಂತ ಮೇಲೆ" ಅಂದರು.