ವಾರ್ನಿಂಗ್ ಆಫ್ ಮಾಡಿ, ಆದರೆ ಹೆಸರು ಹಿಡಿದು ಮಾಡಿ

ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಫೈಲಿನ ಮೊದಲಲ್ಲೇ, ಎಲ್ಲಾ ಎಚ್ಚರಿಕೆಗಳನ್ನೂ ಒಟ್ಟಿಗೆ ನಿಲ್ಲಿಸುವ ಬರೀ 'ನೋ ವಾರ್ನಿಂಗ್ಸ್' ಅಂತ ಬರೆದಿರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಹೊಸ ಸಿಂಟ್ಯಾಕ್ಸ್ ಬಳಸಿದ್ದೀರಿ, ಇದು ಎಕ್ಸ್‌ಪೆರಿಮೆಂಟಲ್ (ಇನ್ನೂ ಪ್ರಯೋಗದಲ್ಲಿದೆ) ಅಂತ ಪರ್ಲ್ ಗೊಣಗುತ್ತಿದೆ, ಲಾಗ್ ತುಂಬಿ ಹೋಗ್ತಿದೆ. ಎಲ್ಲಾ ಸರಿ. ಅಷ್ಟಕ್ಕೆ ಎಲ್ಲವನ್ನೂ ಆಫ್ ಮಾಡಿಬಿಟ್ಟರೆ, ನಾಳೆ ಬೆಲೆಯನ್ನೇ ಕೊಡದ ವೇರಿಯಬಲ್ ಒಂದನ್ನು ಕೂಡಿಸಿದರೂ ಒಂದು ಮಾತೂ ಕೇಳಿಸಲ್ಲ, ಅಲ್ವಾ?

2000ರಲ್ಲಿ ಬಂದ ಪರ್ಲ್ 5.6 ಆವೃತ್ತಿಯಿಂದಲೇ ವಾರ್ನಿಂಗ್‌ಗಳನ್ನು ಒಂದು ಬ್ಲಾಕಿನ ಒಳಗೆ ಮಾತ್ರ, ಹೆಸರು ಹೇಳಿ ನಿಲ್ಲಿಸಬಹುದು. 2013ರ 5.18ರಲ್ಲಿ ಎಕ್ಸ್‌ಪೆರಿಮೆಂಟಲ್ ಫೀಚರ್‌ಗಳಿಗೂ ಬೇರೆ ಬೇರೆ ಹೆಸರು ಬಂದವು. ಈ ಹೆಸರುಗಳು ಯಾಕೆ ಮುಖ್ಯ ಅಂದರೆ, ಒಂದೊಂದು ಫೀಚರಿನ ಹಣೆಬರಹವೂ ಬೇರೆ. 'ಸಿಗ್ನೇಚರ್ಸ್' (ಫಂಕ್ಷನ್‌ಗೆ ಕೊಡುವ ಬೆಲೆಗಳ ಹೆಸರನ್ನು ಅದರ ಮೊದಲ ಸಾಲಿನಲ್ಲೇ ಬರೆಯುವುದು) 2014ರಲ್ಲಿ ಬಂತು, ಎಂಟು ವರ್ಷ ಎಕ್ಸ್‌ಪೆರಿಮೆಂಟಲ್ ಆಗಿಯೇ ಇತ್ತು, 5.36ರಲ್ಲಿ ಪಕ್ಕಾ ಆಯಿತು. ಅದರ ವಾರ್ನಿಂಗ್ ನಿಲ್ಲಿಸಿದವರು ಏನೂ ಕಳೆದುಕೊಳ್ಳಲಿಲ್ಲ. ಆದರೆ 'ಲೆಕ್ಸಿಕಲ್ ಟಾಪಿಕ್' (ಪರ್ಲ್‌ನ ಡೀಫಾಲ್ಟ್ ವೇರಿಯಬಲ್ $_ ಅನ್ನು ಒಂದು ಬ್ಲಾಕಿಗೆ ಮಾತ್ರ ಸೀಮಿತ ಮಾಡುವುದು) ಅನ್ನುವುದೂ ಇತ್ತು. 5.18ರಲ್ಲಿ ಅದಕ್ಕೂ ಇದೇ ತರಹದ ವಾರ್ನಿಂಗ್ ಬಂತು, 2016ರ 5.24ರಲ್ಲಿ ಫೀಚರನ್ನೇ ಕಿತ್ತು ಹಾಕಿದರು. ಬಾಯಿ ಮುಚ್ಚಿಸಿ ಮರೆತವರ ಕೋಡ್ ಕಂಪೈಲೇ ಆಗಲಿಲ್ಲ. ಯಾವುದನ್ನು ಆಫ್ ಮಾಡಿದ್ದೀರಿ ಅಂತ ಫೈಲಿನಲ್ಲೇ ಹೆಸರು ಇದ್ದರೆ ಹುಡುಕಿ ಸರಿ ಮಾಡಬಹುದು. ಬರೀ 'ನೋ ವಾರ್ನಿಂಗ್ಸ್' ಅಂತಿದ್ದರೆ ಏನಂತ ಹುಡುಕುತ್ತೀರಿ?

ಮಾಡ್ಯೂಲ್ (ಬೇರೆಯವರು ತಮ್ಮ ಕೋಡಿಗೆ ಸೇರಿಸಿಕೊಳ್ಳುವ ಕೋಡ್) ಬರೆಯುವವರ ಜವಾಬ್ದಾರಿ ಇನ್ನೂ ಜಾಸ್ತಿ. ನಿಮ್ಮ ಮಾಡ್ಯೂಲಿನ 'ಇಂಪೋರ್ಟ್' (ಅದನ್ನು ಸೇರಿಸಿಕೊಂಡಾಗ ತಾನಾಗಿಯೇ ಓಡುವ ಭಾಗ) ಓಡುವುದು ಬಳಸುವವರ ಫೈಲ್ ಕಂಪೈಲ್ ಆಗುತ್ತಿರುವಾಗ, ಹಾಗಾಗಿ ಅಲ್ಲಿ ನೀವು ನಿಲ್ಲಿಸಿದ ವಾರ್ನಿಂಗ್ ಅವರ ಕೋಡಿನಲ್ಲೂ ನಿಲ್ಲುತ್ತದೆ, ಅವರಿಗೆ ಗೊತ್ತೇ ಆಗದೆ. ಹೊಸ ಸಿಂಟ್ಯಾಕ್ಸ್ ಕೊಡುವವರು ಅದರ ಗಲಾಟೆಯನ್ನೂ ಕಡಿಮೆ ಮಾಡಿ ಕೊಡುವುದು ತಪ್ಪಲ್ಲ, 'ಎಕ್ಸ್‌ಪೆರಿಮೆಂಟಲ್' ಪ್ರಾಗ್ಮಾ (ಪರ್ಲ್‌ನ ನಡವಳಿಕೆ ಬದಲಿಸುವ ಮಾಡ್ಯೂಲ್) ಮಾಡುವುದೂ ಅದನ್ನೇ: ಫೀಚರ್ ಆನ್, ಆ ಒಂದು ವಾರ್ನಿಂಗ್ ಆಫ್. ಉಳಿದದ್ದನ್ನು ಮುಟ್ಟಲ್ಲ. ನೀವೂ ಅಷ್ಟಕ್ಕೇ ನಿಲ್ಲಿ, ಮತ್ತು ಡಾಕ್ಯುಮೆಂಟೇಶನ್‌ನಲ್ಲಿ ದಯವಿಟ್ಟು ಬರೆಯಿರಿ.

ಇನ್ನೊಂದು ವಿಷಯ, ಸಾಲುಗಳ ಕ್ರಮ. ವಾರ್ನಿಂಗ್ ನಿಲ್ಲಿಸಿದ ಮೇಲೆ ಕೆಳಗೆ 'ಯೂಸ್ ವಾರ್ನಿಂಗ್ಸ್' ಬಂದರೆ ಎಲ್ಲವೂ ಮತ್ತೆ ಆನ್. ಕ್ಲಾಸ್‌ಗಳನ್ನು ಬರೆಯಲು ಬಳಸುವ ಮೂಸ್ ತರಹದ ಮಾಡ್ಯೂಲುಗಳು ಒಳಗೊಳಗೇ ಅದನ್ನು ಮಾಡುತ್ತವೆ. ನಿಲ್ಲಿಸುವ ಸಾಲು ಅವುಗಳ ಕೆಳಗೆ ಇರಲಿ. ಇಷ್ಟು ನೋಡಿಕೊಳ್ಳದೆ 'ಕೆಲಸ ಮಾಡ್ತಿಲ್ಲ' ಅಂತ ಸುಮ್ನೆ ಎಲ್ಲವನ್ನೂ ಆಫ್ ಮಾಡುವವರೇ ಹೆಚ್ಚು.

5.36ಕ್ಕೆ ಬಂದಾಗಿದ್ದರೆ ಸಿಗ್ನೇಚರ್ಸ್‌ನ ವಾರ್ನಿಂಗ್ ನಿಲ್ಲಿಸಲು ಬರೆದ ಆ ಹಳೇ ಸಾಲನ್ನು ಅಳಿಸಿಬಿಡಿ, ಅದರ ಅಗತ್ಯ ಈಗಿಲ್ಲ.