ಸುವಾರ್ತೆ (ಯೇಸುವಿನ ಸಂದೇಶ) ಕೇಳದೇ ಸತ್ತವರ ಗತಿ ಏನು? ಗೋವಾದಲ್ಲಿ ಕೂತು ಯೋಚಿಸಿದ್ದು

ಶಿರಸಿ ಕಡೆಯಿಂದ ಮಡಗಾಂವ್‌ಗೆ ಬಂದು 11 ವರ್ಷ ಆಯ್ತು. ಪ್ರತಿ ನವೆಂಬರ್ 2ಕ್ಕೆ ಮನೆ ಓನರ್ ಆಂಟಿ ಜೊತೆ ಹೂವು, ಮೇಣದಬತ್ತಿ ಹಿಡ್ಕೊಂಡು ಸಿಮೆಟರಿಗೆ ಹೋಗ್ತೀನಿ, ಅವತ್ತು ಕ್ಯಾಥೊಲಿಕರಿಗೆ ಸತ್ತವರನ್ನ ನೆನೆಯೋ ದಿನ. ತಮ್ಮವರ ಸಮಾಧಿ ಎಲ್ಲ ಮುಗಿದ ಮೇಲೆ ಆಂಟಿ ದೊಡ್ಡ ಶಿಲುಬೆ ಹತ್ರ ಇನ್ನೊಂದು ಬತ್ತಿ ಹಚ್ತಾರೆ. ಅದು ಯಾರಿಗೆ ಅಂತ ಕೇಳಿದ್ರೆ, "ಪ್ರಾರ್ಥನೆ ಮಾಡೋಕೆ ಯಾರೂ ಇಲ್ಲದ ಆತ್ಮಗಳಿಗೆ, ಪುತಾ" ಅಂದ್ರು. ನಂಗೆ ಮೈ ಜುಂ ಅಂತು, ಮಹಾಲಯದಲ್ಲಿ ಅಪ್ಪ ದರ್ಭೆ ಹಿಡಿದು ನೀರು ಬಿಡುವಾಗ "ಯೇಷಾಂ ನ ಮಾತಾ ನ ಪಿತಾ ನ ಬಂಧುಃ" ಅಂತಾರಲ್ಲ, ತಾಯಿ ತಂದೆ ಬಂಧು ಯಾರೂ ಇಲ್ಲದವರಿಗೂ ತೃಪ್ತಿ ಆಗ್ಲಿ ಅಂತ, ಅದೇ ಮಾತು ಇದು.

ಆದ್ರೆ ಆ ಬತ್ತಿ ನಮ್ಮಜ್ಜಿಗೂ ಸಲ್ಲುತ್ತಾ? ಅಜ್ಜಿ ಯೇಸು ಬಗ್ಗೆ ಏನೂ ಕೇಳದೇನೇ ಹೋದ್ಲು, ಜ್ಞಾನಸ್ನಾನ, ಅಂದ್ರೆ ಕ್ರೈಸ್ತರಾಗೋವಾಗ ಮಾಡೋ ನೀರಿನ ಸಂಸ್ಕಾರ, ಅನ್ನೋ ಪದನೇ ಅವಳಿಗೆ ಗೊತ್ತಿರ್ಲಿಲ್ಲ. ಇದನ್ನ ವಾದಕ್ಕೆ ಕೇಳ್ತಿಲ್ಲ, ಪ್ರೀತಿಯಿಂದ ಹುಟ್ಟಿದ ಪ್ರಶ್ನೆ ಇದು.

ಇದೇ ಪ್ರಶ್ನೆನ ಸಂತ ಫ್ರಾನ್ಸಿಸ್ ಝೇವಿಯರ್‌ಗೆ ಜಪಾನಿನ ಜನ ಕೇಳಿದ್ರು. ಕ್ರೈಸ್ತ ಮತ ಸಾರೋಕೆ 1542ರಲ್ಲಿ ಗೋವಾಗೆ ಬಂದ ಝೇವಿಯರ್ 1549ರಲ್ಲಿ ಜಪಾನ್ ಮುಟ್ಟಿ ಎರಡು ವರ್ಷ ಅಲ್ಲಿದ್ರು. ವಾಪಸ್ ಬಂದು 1552ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಕಾಗದದಲ್ಲಿ ಇದೆಲ್ಲ ಇದೆ. ಹೊಸದಾಗಿ ಕ್ರೈಸ್ತರಾದವರು ಸತ್ತ ಅಪ್ಪ ಅಮ್ಮ, ಹೆಂಡತಿ ಮಕ್ಕಳನ್ನ ನೆನೆದು ಅಳ್ತಿದ್ರಂತೆ, ದಾನ ಮಾಡಿ ಪ್ರಾರ್ಥನೆ ಮಾಡಿ ಅವರನ್ನ ನರಕದಿಂದ ಬಿಡಿಸ್ಬಹುದಾ ಅಂತ ಕೇಳ್ತಿದ್ರಂತೆ, ಝೇವಿಯರ್ "ಇಲ್ಲ, ಅದಕ್ಕೆ ಯಾವ ದಾರಿನೂ ಇಲ್ಲ" ಅಂದ್ರಂತೆ. ಗೆಳೆಯರು ಅಳೋದು ನೋಡಿ ನಂಗೂ ಸಂಕಟ ಆಗುತ್ತೆ ಅಂತಾನೂ ಬರ್ಕೊಂಡಿದ್ದಾರೆ. ಕ್ಯಾಥೊಲಿಕ್ ನಂಬಿಕೆ ಪ್ರಕಾರ ಪ್ರಾರ್ಥನೆ ಮುಟ್ಟೋದು ಪರ್ಗೆಟರಿಯಲ್ಲಿ ಶುದ್ಧ ಆಗ್ತಿರೋ ಆತ್ಮಗಳಿಗೆ ಮಾತ್ರ, ನರಕಕ್ಕೆ ಹೋದವರಿಗಲ್ಲ.

ಅದೇ ಕಾಗದದಲ್ಲಿ ಇನ್ನೊಂದು ಮಾತಿದೆ. ದೇವರು ಒಳ್ಳೆಯವನಾದ್ರೆ ಇಷ್ಟು ದಿನ ನಮಗ್ಯಾಕೆ ಹೇಳ್ಲಿಲ್ಲ ಅಂತ ಜಪಾನಿನ ಯಮಗುಚಿ ಊರಿನವರು ಕೇಳಿದ್ದಕ್ಕೆ, ಬೆಟ್ಟದಲ್ಲಿ ಒಬ್ಬನೇ ಬೆಳೆದವನಿಗೂ ಕೊಲ್ಲೋದು ಕದಿಯೋದು ತಪ್ಪು ಅಂತ ಯಾರೂ ಕಲಿಸದೇ ಗೊತ್ತಿರುತ್ತೆ, ಸೃಷ್ಟಿಕರ್ತನೇ ಅದನ್ನ ಎದೆಯಲ್ಲಿ ಇಟ್ಟಿರ್ತಾನೆ ಅಂತ ಝೇವಿಯರ್ ಉತ್ತರ ಕೊಟ್ರು. ಬೈಬಲಿನಲ್ಲಿ ಪೌಲ ರೋಮಾದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲೂ ಇದೇ ಇರೋದು. ಹಾಗಿದ್ರೆ ಆ ಎದೆಯ ಮಾತು ಕೇಳಿ ಬದುಕಿದ ಜಪಾನಿನ ಅಜ್ಜಿಯೊಬ್ಬಳಿಗೆ ದಾರಿನೇ ಇಲ್ಲ ಅನ್ನೋದು ಹೆಂಗೆ? ಎರಡನೇ ಉತ್ತರ ಸರಿ ಅಂದ್ಮೇಲೆ ಮೊದಲನೇದು ನಿಲ್ಲಲ್ಲ ಅನ್ನೋದು ನನ್ನ ಅಭಿಪ್ರಾಯ.

ಚರ್ಚು ಕೂಡ ನಿಧಾನವಾಗಿ ಅತ್ತ ಕಡೆಗೇ ಬಂತು. 1442ರಲ್ಲಿ ಫ್ಲಾರೆನ್ಸ್ ಸಭೆ (ಬಿಷಪ್‌ಗಳ ಮಹಾಸಭೆ) ಚರ್ಚಿನ ಹೊರಗಿರೋರಿಗೆ ನಿತ್ಯಜೀವ ಇಲ್ಲ ಅಂದಿತ್ತು, 1964ರಲ್ಲಿ ಎರಡನೇ ವ್ಯಾಟಿಕನ್ ಸಭೆ ತಮ್ಮ ತಪ್ಪಿಲ್ಲದೇ ಸುವಾರ್ತೆ ತಿಳಿಯದೇ ಇದ್ದು ಮನಸ್ಸಾಕ್ಷಿಯಂತೆ ದೇವರನ್ನ ಹುಡುಕಿದವರಿಗೂ ರಕ್ಷಣೆ ಸಿಗಬಹುದು ಅಂತು. ಎಲ್ಲ ಪಂಗಡಗಳೂ ಇದನ್ನ ಒಪ್ಪಲ್ಲ, ಬಾಯಿಬಿಟ್ಟು ಯೇಸುವನ್ನ ಒಪ್ಪದೇ ಇದ್ರೆ ಆಗಲ್ಲ ಅನ್ನೋ ಪ್ರೊಟೆಸ್ಟೆಂಟರು ಈಗಲೂ ಬೇಕಾದಷ್ಟಿದ್ದಾರೆ.

ನಮ್ಮ ಕಡೆ ಇಂಥ ನಿಷ್ಠುರ ಇಲ್ಲ ಅಂತ ನಾವು ಬೀಗೋ ಹಂಗೂ ಇಲ್ಲ. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಅಂತ ಜೀವರಲ್ಲಿ ಮೂರು ಥರ, ಕೊನೆಯವರಿಗೆ ಕತ್ತಲೆಯಿಂದ ಬಿಡುಗಡೆನೇ ಇಲ್ಲ. ಅಲ್ಲಿ ಅದು ಸುದ್ದಿ ಮುಟ್ಟಿತೋ ಇಲ್ವೋ ಅನ್ನೋದರ ಮೇಲೆ ನಿಂತಿಲ್ಲ, ಜೀವದ ಸ್ವಭಾವದ ಮೇಲೇ ನಿಂತಿದೆ, ನಂಗಂತೂ ಅದು ಇನ್ನೂ ಕಷ್ಟ ಅನ್ಸುತ್ತೆ.

2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೇ ಗೋವಾದಲ್ಲಿ ಝೇವಿಯರ್ ಅವಶೇಷದ ದರ್ಶನ ಇತ್ತು, ಹತ್ತು ವರ್ಷಕ್ಕೊಮ್ಮೆ ನಡೆಯೋದು. ಆಂಟಿ ಜೊತೆ ನಾನೂ ಕ್ಯೂನಲ್ಲಿ ನಿಂತಿದ್ದೆ. ಮುಂದಿನ ಸಲ ಅಲ್ಲಿ ಆ 1552ರ ಕಾಗದನೂ ಜನರಿಗೆ ಓದಿ ಹೇಳ್ಬೇಕು, ಜಪಾನಿನವರು ಅತ್ತಿದ್ದು, ಇವರು ಸಂಕಟಪಟ್ಟಿದ್ದು ಎರಡೂ ಸೇರಿಸಿ.