ಜಲಪಾತದ ಸಮಯ: 11ರಿಂದ 1

ಕೋಲಾರದವರನ್ನು ಜಲಪಾತ ನೋಡಲು ಕರೆದುಕೊಂಡು ಹೋಗಬಾರದು. ಬೇರೆಯವರಿಗೆ ಅಲ್ಲಿ ನೊರೆ, ತುಂತುರು, ಕಾಮನಬಿಲ್ಲು ಕಾಣಿಸುತ್ತವೆ. ನಮ್ಮವರಿಗೆ ಕಾಣಿಸುವುದು ನೀರು. ಇದು ಎಷ್ಟು ಟ್ಯಾಂಕರ್ ಆದೀತು, ಹರಿದು ಎಲ್ಲಿಗೆ ಹೋಗುತ್ತೆ, ಯಾರೂ ಯಾಕೆ ಹಿಡಿದಿಟ್ಟುಕೊಂಡಿಲ್ಲ ಅನ್ನುವ ಲೆಕ್ಕ. ತಪ್ಪೇನಿಲ್ಲ ಬಿಡಿ. ವರ್ಷಪೂರ್ತಿ ಹರಿಯುವ ಒಂದು ನದಿಯೂ ನಮ್ಮ ಜಿಲ್ಲೆಯಲ್ಲಿಲ್ಲ. 1,500 ಅಡಿ ಬೋರ್ ಕೊರೆಸಿ, ಬರೀ ಧೂಳು ನೋಡಿ ಮನೆಗೆ ಬಂದವರು ನಮ್ಮ ನೆಂಟರಲ್ಲೇ ಇದ್ದಾರೆ.

ಬೆಂಗಳೂರು ಸೇರಿದ ಮೇಲೆ ನನ್ನ ನಾದಿನಿಗೆ ಇದೆಲ್ಲ ಮರೆತುಹೋಗಿದೆ. ನಂದಿ ಬೆಟ್ಟದ ಸಾಲಿನ ಕಡೆ ಯಾವುದೋ ರೆಸಾರ್ಟ್ ಬುಕ್ ಮಾಡಿ ಫೋನ್ ಮಾಡಿದಳು. "ಅತ್ತಿಗೆ, ನ್ಯಾಚುರಲ್ ಹಾಟ್ ಸ್ಪ್ರಿಂಗ್ ಇದೆಯಂತೆ. ಫಾಲ್ಸೂ ಇದೆ. ಅಮ್ಮನ ಮಂಡಿನೋವಿಗೆ ಒಳ್ಳೇದು." ಫೋಟೊ ಕಳಿಸಿದ್ದಳು. ಹಬೆಯಾಡುವ ಕೊಳ, ಅದರಲ್ಲಿ ಕಣ್ಣು ಮುಚ್ಚಿ ಕೂತ ವಿದೇಶಿ ದಂಪತಿ, ಹಿಂದೆ ಹಿಮದ ಬೆಟ್ಟ. ಚಿಕ್ಕಬಳ್ಳಾಪುರದಲ್ಲಿ ಹಿಮ ಯಾವಾಗ ಬಿತ್ತು ಅಂತ ಯಾರೂ ಕೇಳಲಿಲ್ಲ.

ಮಾವ ಮಾತ್ರ ಚಿಂತಾಮಣಿ ದಾಟುವವರೆಗೂ ಗೊಣಗುತ್ತಿದ್ದರು. ಅವರು ಕೆಜಿಎಫ್ ಚಿನ್ನದ ಗಣಿಯಲ್ಲಿ ಪಂಪ್ ನೋಡಿಕೊಳ್ಳುತ್ತಿದ್ದವರು. 2001ರಲ್ಲಿ ಗಣಿ ಮುಚ್ಚುವವರೆಗೂ ಅದೇ ಕೆಲಸ. ಭೂಮಿಯ ಹೊಟ್ಟೆಯ ವಿಷಯಕ್ಕೆ ಅವರ ಮುಂದೆ ಯಾರೂ ಬಾಯಿ ಬಿಡುವ ಹಾಗಿಲ್ಲ.

"ನಮ್ಮ ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರ್ ಕೆಳಗೆ ಹೋದ್ರೆ ಬಂಡೆ 60 ಡಿಗ್ರಿ ದಾಟ್ತಿತ್ತು. ಬೇರೆ ಕಡೆ ಒಂದೊಂದು ಕಿಲೋಮೀಟರಿಗೆ 25, 30 ಡಿಗ್ರಿ ಏರತ್ತೆ. ನಮ್ಮದು ಹಳೇ ಬಂಡೆ, ಅಷ್ಟು ಬೇಗ ಕಾಯಲ್ಲ. ಇವರ ನೀರು ಎಷ್ಟು ಆಳಕ್ಕೆ ಹೋಗಿ ಕಾದು ಬರ್ತಿದೆಯಂತೆ?"

"ಅಪ್ಪಾ, ಸುಮ್ನೆ ಎಂಜಾಯ್ ಮಾಡಿ" ಅಂದಳು ನಾದಿನಿ.

ಮಳೆನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದು, ಕಾದು, ತಣ್ಣಗಾಗುವ ಮೊದಲೇ ಮೇಲೆ ನುಗ್ಗಿದರೆ ಬಿಸಿನೀರಿನ ಬುಗ್ಗೆ ಆಗುತ್ತೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಹೆಸರಾಗಿರುವುದು ಪುತ್ತೂರು ತಾಲ್ಲೂಕಿನ ಬೆಂದ್ರು ತೀರ್ಥ. ಹಿಮಾಚಲದ ಮಣಿಕರಣ್‌ನಲ್ಲಿ ಬುಗ್ಗೆಯ ನೀರಲ್ಲೇ ಅನ್ನ ಬೇಯಿಸುತ್ತಾರೆ. ಅದನ್ನು ಎಲ್ಲೋ ಕೇಳಿದ್ದ ನಮ್ಮತ್ತೆ ಒಂದು ಪಾವು ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದರು.

ಬುಗ್ಗೆ ಅಂದರೆ ನೀಲಿ ಟೈಲ್ಸ್ ಹಾಕಿದ ತೊಟ್ಟಿ. ನಾಲ್ಕು ಮೂಲೆಗೂ ಸಿಮೆಂಟಿನ ಬಂಡೆಗಳು. ಒಂದು ಬಂಡೆಯ ಸಂದಿಯಿಂದ ಪಿವಿಸಿ ಪೈಪು ಇಣುಕುತ್ತಿತ್ತು. ನೀರು ಉಗುರುಬೆಚ್ಚಗೆ ಇತ್ತು, ಹಾಗಂತ ಧೈರ್ಯವಾಗಿ ಹೇಳಬಹುದು.

"ವಾಸನೆ ಬರ್ತಿದೆಯಲ್ಲ ಆಂಟಿ, ಅದು ಗಂಧಕ. ಚರ್ಮಕ್ಕೆ ಒಳ್ಳೇದು" ಅಂದ ಅಲ್ಲಿನ ಹುಡುಗ.

ಅತ್ತೆ ಬಗ್ಗಿ ಮೂಸಿ ನೋಡಿದರು. "ಬ್ಲೀಚಿಂಗ್ ಪೌಡ್ರು ಕಣಪ್ಪ. ನಮ್ಮ ಬೀದಿ ಸಂಪಿಗೂ ಹಾಕ್ತಾರೆ." ಅಕ್ಕಿಯ ಗಂಟು ವಾಪಸ್ ಬ್ಯಾಗಿಗೆ ಹೋಯಿತು.

ಮಾವ ತೊಟ್ಟಿಯ ಕಡೆ ನೋಡಲೇ ಇಲ್ಲ. ಕಿವಿ ಬೇರೆಲ್ಲೋ ಇತ್ತು. "ಐದು ಎಚ್‌ಪಿ. ಬೇರಿಂಗ್ ಹೋಗಿದೆ" ಅಂದರು. ಪೊದೆಯ ಹಿಂದಿನ ಜಲಪಾತದ ಸದ್ದನ್ನು ನಾವೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದ ಹೊತ್ತು ಅದು.

ಜಲಪಾತದ ಪಕ್ಕದಲ್ಲಿ ಬೋರ್ಡಿತ್ತು: ಸಮಯ 11ರಿಂದ 1, ಮತ್ತೆ 4ರಿಂದ 6. ಸೋಮವಾರ ರಜೆ. ಆದರೂ ಒಪ್ಪಿಕೊಳ್ಳಬೇಕು, ನೋಡಲು ಚೆನ್ನಾಗಿಯೇ ಇತ್ತು. ನಮ್ಮ ಕಡೆಯ ನಿಜವಾದ ಜಲಪಾತಗಳಿಗೆ ಮಳೆಗಾಲ ಬಿಟ್ಟರೆ ವರ್ಷವೆಲ್ಲ ರಜೆ. ಇದಕ್ಕೆ ವಾರಕ್ಕೆ ಒಂದೇ. ಮಗ ಕಿರುಚುತ್ತಾ ನೀರಿಗೆ ಬಿದ್ದ. ನಮ್ಮೆಜಮಾನರು ಪ್ಯಾಂಟ್ ಮಡಚಿಕೊಂಡು ವಿಡಿಯೊ ಶುರು ಮಾಡಿದರು. ಅತ್ತೆ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ವಿಚಾರಣೆಗೆ ನಿಂತರು.

"ಏನಪ್ಪ, ಇದು ಕೆಸಿ ವ್ಯಾಲಿ ನೀರಾ?"

ಹುಡುಗ ತಬ್ಬಿಬ್ಬಾದ. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅವತ್ತಿನಿಂದ ಎಲ್ಲಿ ಜಾಸ್ತಿ ನೀರು ಕಂಡರೂ ಅತ್ತೆ ಇದನ್ನೇ ಕೇಳುವುದು. ಮದುವೆ ಮನೆಯ ಸಾರಿಗೂ ಒಮ್ಮೆ ಕೇಳಿದ್ದಾರೆ.

"ಅಲ್ಲ ಆಂಟಿ, ಬೋರ್ ನೀರು. ಅದೇ ನೀರು ಸುತ್ತಿ ಸುತ್ತಿ ಬರತ್ತೆ."

"ಅಂದ್ರೆ ಬೆಳಗ್ಗೆಯಿಂದ ಮಿಂದವರ ನೀರೇ ನಮ್ಮ ತಲೆ ಮೇಲೆ?"

ಇದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಬರುವ ನೀರು ಎಷ್ಟು ಚೊಕ್ಕ, ಅದನ್ನು ಕಾಯಿಸಿ ಕೊಡ್ತೀವಿ ಅಂತ ಯಾರೂ ದುಡ್ಡು ಕೇಳಲ್ಲ ಅಂತ ಅತ್ತೆ ಅವನಿಗೆ ವಿವರಿಸತೊಡಗಿದರು. ಅವನು ಕೈಕಟ್ಟಿ ಕೇಳಿಸಿಕೊಂಡ. ಪಾಪ, ಅವನದೂ ಶ್ರೀನಿವಾಸಪುರದ ಕಡೆಯ ಊರು ಅಂತ ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ನಾದಿನಿ ತಲೆಗೆ ಶಾಂಪೂ ಹಾಕಿಕೊಂಡು ಜಲಪಾತದ ಕೆಳಗೆ ನಿಂತಿದ್ದಳು. ಕೈ ಎರಡೂ ಮೇಲೆತ್ತಿ, ಮುಖ ಆಕಾಶಕ್ಕೆ. ಗೊರ್ ಅಂತ ಒಂದು ಸದ್ದು. ಜಲಪಾತ ನಿಂತೇಹೋಯಿತು. ಮೇಲಿನಿಂದ ನಾಲ್ಕು ಹನಿ ಬಿದ್ದವು, ಅಷ್ಟೆ.

"ಕರೆಂಟ್ ಹೋಯ್ತು ಮೇಡಂ."

"ಜನರೇಟರ್ ಹಾಕಿ!"

"ಅದು ಲೈಟಿಗೆ ಮಾತ್ರ ಮೇಡಂ. ಫಾಲ್ಸಿಗೆ ಕನೆಕ್ಷನ್ ಕೊಟ್ಟಿಲ್ಲ."

ನಾದಿನಿ ಒಂದು ಕಣ್ಣು ಮುಚ್ಚಿಕೊಂಡು ಬುಗ್ಗೆಯ ಕಡೆ ಓಡಿದಳು. ಭೂಗರ್ಭದ ಶಾಖಕ್ಕೂ ಕರೆಂಟ್ ಬೇಕಾಗಿತ್ತು ಅಂತ ಆಗ ಗೊತ್ತಾಯಿತು. ನೀರು ತಣ್ಣಗಾಗತೊಡಗಿತ್ತು. ರೂಮಿನ ನಲ್ಲಿಯಲ್ಲಿ ಗಾಳಿ. ಕೊನೆಗೆ ಅತ್ತೆಯೇ ಅಡುಗೆಮನೆಗೆ ನುಗ್ಗಿ, ಮುದ್ದೆಗೆ ಎಸರಿಟ್ಟಿದ್ದ ನೀರಿನಲ್ಲಿ ಅರ್ಧ ಬಕೆಟ್ ಇಸ್ಕೊಂಡು ಬಂದರು. ಕಾಟೇಜಿನ ಹಿಂದೆ ಮಗಳನ್ನು ಕುಕ್ಕರಗಾಲಲ್ಲಿ ಕೂರಿಸಿ ತಲೆ ತೊಳೆದರು. ಅವತ್ತು ಅಲ್ಲಿ ಹಬೆ ಕಂಡಿದ್ದು ಆ ಬಕೆಟ್ಟಿನಲ್ಲಿ ಮಾತ್ರ. ಮುದ್ದೆ ಒಂದು ಗಂಟೆ ತಡವಾಯಿತು. ಆದರೆ ಸಾರು ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ಅನ್ಯಾಯ.

ಹೊರಡುವಾಗ ಮ್ಯಾನೇಜರ್ ಅನಿಸಿಕೆ ಬರೆಯುವ ಪುಸ್ತಕ ತಂದು ನಾದಿನಿಯ ಮುಂದೆ ಹಿಡಿದರು. ಅವಳು ಮುಖ ತಿರುಗಿಸಿದಳು. ಮಾವ ಕನ್ನಡಕ ಹಾಕಿಕೊಂಡು ಪುಸ್ತಕ ಎಳೆದುಕೊಂಡರು. ತಾರೀಖು, ಸಮಯ ಹಾಕಿ, ನೀಟಾಗಿ ಬರೆದರು: "ಪಂಪ್ 12.40ಕ್ಕೆ ನಿಂತಿದೆ. ಬೇರಿಂಗ್ ಬದಲಾಯಿಸಬೇಕು. ಬಿಸಿ ಇಲ್ಲ. ಕೆಳಗೆ ಜನ ಯಾರೂ ಉಳಿದಿಲ್ಲ. ಮುಂದಿನ ಶಿಫ್ಟಿನವರು ಗಮನಿಸುವುದು." ಕೆಳಗೆ ಸಹಿ. ಮ್ಯಾನೇಜರ್ ಓದಿ, ಏನೂ ಹೊಳೆಯದೆ, "ತುಂಬಾ ಥ್ಯಾಂಕ್ಸ್ ಸರ್" ಅಂದರು.